ಬಾಣಂತಿಕೋಣೆಗೆ ಬಂದ ಅತ್ತರು

ಆಗಿನ ಕಾಲದಲ್ಲಿ ಜಮಖಂಡಿಯ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ; ಮೂಗೊಂದಿದ್ದರೆ ಸಾಕಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಮೂರು ವರ್ಷವಾಗಿತ್ತು. ಕಚೇರಿಗಳ ಫಲಕಗಳೆಲ್ಲ ಬದಲಾಗಿದ್ದವು. ಆದರೆ ನಾರಾಯಣರಾಯರ ಮನೆಯ ಒಳಕೋಣೆಯಿಂದ ಹೊರಟ ಅಜವಾನದ ಹೊಗೆ ಮಾತ್ರ ಯಾವ ಸರಕಾರದ ಅಪ್ಪಣೆಗೂ ಕಾಯದೆ, ಓಣಿಯ ತುದಿಯ ಹನುಮಂತದೇವರ ಗುಡಿಯವರೆಗೆ ಹೋಗಿ ಸುದ್ದಿ ಮುಟ್ಟಿಸಿ ಬರುತ್ತಿತ್ತು.

ಆ ಹೊಗೆಯ ನಡುವೆ ಕೂತವಳು ರಾಯರ ಮಗಳು ಸುಹಾಸಿನಿ. ಪುಣೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿದವಳು. ಕರವಸ್ತ್ರಕ್ಕೂ ಇಸ್ತ್ರಿ ಮಾಡುವವಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಹೆಣ್ಣುಕೂಸು ಹೆತ್ತು, ಅಂದಿಗೆ ಇಪ್ಪತ್ತೆರಡು ದಿನ. ಈ ಇಪ್ಪತ್ತೆರಡು ದಿನಗಳಲ್ಲಿ ತನ್ನ ದೇಹವನ್ನು ಯಾರೋ ಕದ್ದೊಯ್ದು ಬೇರೆ ಯಾರದನ್ನೋ ಇಟ್ಟುಹೋಗಿದ್ದಾರೆಂದು ಅವಳಿಗೆ ಖಾತ್ರಿಯಾಗಿತ್ತು. ಹೊಟ್ಟೆಯನ್ನು ಅಪ್ಪನ ಹಳೇ ಧೋತರದಿಂದ ಬಿಗಿದಿದ್ದರು. ಬಿಚ್ಚಿದರೆ ಅದು ನಾದಿಟ್ಟ ಕಣಕದ ಹಾಗೆ ಎಲ್ಲೆಂದರಲ್ಲಿ ಹರಡುತ್ತಿತ್ತು. ಹಗಲೂ ರಾತ್ರಿ ಬೆವರು. ಸೋರಿದ ಹಾಲಿಗೆ ರವಿಕೆ ಒಣಗುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ತಾನೊಂದು ಹುಳಿ ಮೊಸರಿನ ಗಡಿಗೆ ಎನಿಸುತ್ತಿತ್ತು.

ಇದರ ಮೇಲೆ ಬೆಳ್ಳುಳ್ಳಿ. ವರ್ಷವಿಡೀ ಆ ಮನೆಯ ಹೊಸ್ತಿಲು ದಾಟದ ಪದಾರ್ಥ ಅದು. ಬಾಣಂತಿಗೆ ಮಾತ್ರ ಔಷಧವೆಂಬ ಪದವಿ ಪಡೆದು ಹಿತ್ತಲ ಬಾಗಿಲಿಂದ ಒಳಬರುತ್ತಿತ್ತು. ತಾಯಿ ಮಥುರಾಬಾಯಿ ಅದನ್ನು ಹಿತ್ತಲ ಒಲೆಯ ಮೇಲೆ ತುಪ್ಪದಲ್ಲಿ ಹುರಿದು, ತಟ್ಟೆ ಮುಚ್ಚಿ, ಯಾವುದೋ ರಾಜರಹಸ್ಯ ಸಾಗಿಸುವವರಂತೆ ತರುತ್ತಿದ್ದರು. ಮಂಚದ ಕೆಳಗೆ ಅಂಟು, ಕೊಬ್ಬರಿ, ಬೆಲ್ಲ, ತುಪ್ಪ ಹಾಕಿ ಬಾಣಂತಿಗೆಂದೇ ಕಟ್ಟಿದ ಅಂಟಿನುಂಡಿಯ ಡಬ್ಬಿ ಬೇರೆ.

“ಅವ್ವಾ, ಇವತ್ತೊಂದು ದಿನ ಬೆಳ್ಳುಳ್ಳಿ ಬ್ಯಾಡ.”

“ಹೆಸರು ತಗೀಬ್ಯಾಡ!” ಮಥುರಾಬಾಯಿ ದೇವರಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. “ಅದು ಔಷಧ.”

“ನಿನ್ನ ಔಷಧ ಓಣಿತನಕಾ ನಾರ್ತದ. ನಾಲ್ಕರ ಬಸ್ಸಿಗೆ ಅವರು ಬರ್ತಾರ.”

“ಬರಲಿ. ನಿನ್ನ ಹಡದಾಗ ನಾನೂ ಮೂರು ತಿಂಗಳು ಹಿಂಗ ನಾತಿದ್ದೆ. ನಿಮ್ಮಪ್ಪ ಏನು ಮನಿ ಬಿಟ್ಟು ಓಡಿಹೋದರೇನು?”

ಪಡಸಾಲೆಯಲ್ಲಿ ನಾರಾಯಣರಾಯರ ಕೈಯೊಳಗಿನ ವರ್ತಮಾನಪತ್ರ ತುಸು ಮೇಲೇರಿ ಮುಖ ಮುಚ್ಚಿತು. (ಆಗ ಅವರು ಪಂಢರಪುರಕ್ಕೆ ಹೋಗಿ ತಿಂಗಳೊಪ್ಪತ್ತು ಇದ್ದು ಬಂದಿದ್ದರು. ಅದು ಕೇವಲ ಭಕ್ತಿ ಎಂದೇ ಎಲ್ಲರೂ ನಂಬಿದ್ದರು.)

ಸುಹಾಸಿನಿಯ ಸಂಕಟದ ಬೇರು ಅವಳ ದಿಂಬಿನ ಕೆಳಗಿತ್ತು. ಮುಂಬಯಿಯ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ ಗಂಡ ಪ್ರಹ್ಲಾದರಾಯ ರಜೆ ಸಿಗದೆ ಹೆಸರಿಡುವ ದಿನಕ್ಕೂ ಬಂದಿರಲಿಲ್ಲ, ಪತ್ರ ಬರೆದಿದ್ದ. ಅದರ ಕೊನೆಯ ಸಾಲು: ‘ಕಣ್ಣು ಮುಚ್ಚಿದರೆ ನಿನ್ನ ಮುಡಿಯ ಮಲ್ಲಿಗೆಯ ವಾಸನೆಯೇ ಬರುತ್ತದೆ.’ ಮಲ್ಲಿಗೆ! ಇಂಥ ಮನುಷ್ಯ ಬಂದು ಈ ಬಾಗಿಲಲ್ಲಿ ಒಮ್ಮೆ ಉಸಿರೆಳೆದುಕೊಂಡರೆ ಮುಗಿಯಿತು. ಮದುವೆಯಾಗಿ ಎರಡು ವರ್ಷದಲ್ಲಿ ಗಳಿಸಿದ ಮಲ್ಲಿಗೆಯೆಲ್ಲ ಮಣ್ಣುಪಾಲು.

ಊಟವಾಗಿ ಮನೆ ಮಲಗಿತು. ಕೂಸೂ ಮಲಗಿತು. ಸುಹಾಸಿನಿ ಎದ್ದಳು. ಹಂಡೆಯಲ್ಲಿ ಉಳಿದ ಬಿಸಿನೀರು, ಟ್ರಂಕಿನಲ್ಲಿದ್ದ ಪುಣೆಯ ಗುಲಾಬಿ ಸಾಬೂನು. ಮೈ ಉಜ್ಜಿ ತೊಳೆದು, ಮುಖಕ್ಕೆ ಪೌಡರು ಬಳಿದು, ಹೂವಿನ ವಾಯಿಲ್ ಸೀರೆ ಉಟ್ಟಳು. ರವಿಕೆಯ ಗುಂಡಿಗಳು ಒಂದನ್ನೊಂದು ಮುಟ್ಟಲೊಲ್ಲೆವೆಂದು ಹಟ ಹಿಡಿದವು; ಸೆರಗು ಮರ್ಯಾದೆ ಕಾಯ್ದಿತು. ಆದರೂ ಬಗ್ಗಿದರೆ ಎಲ್ಲಿಂದಲೋ ಅಜವಾನ ಇಣುಕಿತು. ಆಗ ಅವಳ ಕಣ್ಣು ಬಿದ್ದದ್ದು ಕಪಾಟಿನ ಹೀನಾ ಅತ್ತರಿನ ಮೇಲೆ. ಮದುವೆ ಮುಂಜಿಗಳಲ್ಲಿ ಬಂದವರ ಅಂಗೈ ಹಿಂದೆ ಒಂದು ಗೆರೆ ಎಳೆಯಲು ಅಪ್ಪ ಜೋಪಾನ ಮಾಡಿದ ಸೀಸೆ. ಅವಳು ಗೆರೆ ಎಳೆಯಲಿಲ್ಲ. ಕಿವಿಯ ಹಿಂದೆ, ಕೊರಳಿಗೆ, ರವಿಕೆಯ ಅಂಚಿಗೆ ಧಾರಾಳವಾಗಿ ಅಭಿಷೇಕ ಮಾಡಿಕೊಂಡಳು. ಹೀಗೆ ಆ ಕೋಣೆಯಲ್ಲಿ ಪರಿಮಳ ಸಾಮ್ರಾಜ್ಯದ ಪಟ್ಟಾಭಿಷೇಕವಾಯಿತು.

ಸಾಮ್ರಾಜ್ಯ ಅರ್ಧ ತಾಸು ಬಾಳಿತು. ಕೂಸು ಎದ್ದಿತು. ಎತ್ತಿಕೊಂಡು ಎದೆಗೆ ಹಿಡಿದರೆ, ಬಾಯಿ ತೆರೆದು ಹತ್ತಿರ ಬಂದದ್ದು ಒಮ್ಮೆಲೇ ನಿಂತು, ಅಪರಿಚಿತರ ಮನೆ ಹೊಕ್ಕವರಂತೆ ಹುಬ್ಬು ಗಂಟಿಕ್ಕಿ, ಮುಖ ತಿರುವಿ, ಕಿರುಚಿತು. ಈ ಕಡೆ ಹಿಡಿದಳು, ಆ ಕಡೆ ಹಿಡಿದಳು. ಕಿರುಚಾಟ ಏರಿತು. ಇತ್ತ ಹಾಲು ಕಟ್ಟಿ ಎದೆ ಕಲ್ಲಾಗತೊಡಗಿತು. ಮಥುರಾಬಾಯಿ ಎದ್ದು ಬಂದವರೇ ದೃಷ್ಟಿಯೆಂದು ತೀರ್ಮಾನಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೂಸಿನ ಅಳುವಿಗೆ ಮನೆಮಂದಿಯ ಕೆಮ್ಮೂ ಸೇರಿತು.

ಸರಿಯಾಗಿ ಆ ಮುಹೂರ್ತಕ್ಕೆ ಅಳಿಯಂದಿರು ಬಂದಿಳಿದರು.

“ಕೂಸು ಯಾಕ ಹಿಂಗ ಅಳ್ತದ್ರಿ?” ಎಂದು ಪ್ರಹ್ಲಾದರಾಯ ಕೈಚೀಲ ಹಿಡಿದೇ ಕೋಣೆಯ ಬಾಗಿಲಿಗೆ ಬಂದ. ಹಿಂದೆಯೇ ಸಂಜೆ ಬಾಣಂತಿಗೆ ಕಾವು ಕೊಡಲು ಬರುವ ಸಾವಕ್ಕ ಕೆಂಡದ ಶೆಗಡಿ ಹಿಡಿದು ಬಂದಳು. ರಬಕವಿಯ ನೇಕಾರರ ಮನೆಯ ಮಗಳು. ಜಮಖಂಡಿಯ ಅರ್ಧ ಊರು ಅವಳ ಕೈಯಲ್ಲಿ ಎರೆಸಿಕೊಂಡು ಬೆಳೆದದ್ದು. ಅವಳು ಬಾಗಿಲಲ್ಲೇ ನಿಂತು ಮೂಗು ಎತ್ತಿದಳು.

“ಯಾರ ಮದುವಿ ಐತ್ರಿ ಅಕ್ಕಾರ ಮನ್ಯಾಗ?”

ಶೆಗಡಿ ಕೆಳಗಿಟ್ಟು ಸುಹಾಸಿನಿಯ ಹತ್ತಿರ ಬಗ್ಗಿದಳು.

“ತಂಗೀ, ಏನ್ ಹಚಗೊಂಡಿಬೇ?”

“ಸ್ವಲ್ಪ... ಅತ್ತರು.”

“ಸ್ವಲ್ಪ? ದಿಬ್ಬಣಕ್ಕ ಸಾಕಾಗೂವಷ್ಟು ಐತಿ! ಇಪ್ಪತ್ತೆರಡು ದಿನದ ಕೂಸಿಗಿ ಕಣ್ಣ ಎಲ್ಲಿ ಕಾಣ್ತಾವ? ಅದು ಮೂಗಿನ್ಯಾಗ ಅವ್ವನ್ನ ಹುಡುಕತೈತಿ. ನೀ ನೋಡಿದರ ಮನಿ ಬಾಗಲಾನ ಬದಲಿ ಮಾಡಿ ಕುಂತೀದಿ!”

ಸುಹಾಸಿನಿ ಬಿಕ್ಕಿ ಬಿಕ್ಕಿ ಅತ್ತಳು. ಕೂಸಿಗೆ ತಾನು ಯಾರೋ ಆದೆನೆಂಬ ದುಃಖಕ್ಕೆ, ಗಂಡನ ಮುಂದೆ ಬಯಲಾದ ನಾಚಿಕೆಗೆ. “ನೀವು ಹತ್ರ ಬರಬ್ಯಾಡ್ರಿ,” ಎಂದಳು ಅಳುತ್ತಲೇ. “ನನ್ನ ಮೈ ವಾಸನಿ ನಿಮಗ ಹೇಸಿಕಿ ಬರಬಾರದಂತ ಇದೆಲ್ಲಾ ಮಾಡಿದೆ.”

“ಯಾವ ವಾಸನಿ?” ಪ್ರಹ್ಲಾದರಾಯ ಕಣ್ಣು ಪಿಳುಕಿಸಿದ. “ಮಿರಜದಿಂದ ಕುಡಚಿತನಕಾ ರೈಲಿನ ಕಿಡಿಕ್ಯಾಗ ಕೂತು ಬಂದು ಭಾರೀ ನೆಗಡಿ ಆಗ್ಯದ. ಮೂಗು ಪೂರಾ ಬಂದ್. ಉಪ್ಪು ಮೆಣಸಿನಕಾಯಿ ಸುಟ್ಟಾರಂತ ನಿಮ್ಮ ಕೆಮ್ಮು ಕೇಳೇ ತಿಳೀತು!”

ಸುಹಾಸಿನಿ ಅಳುವುದನ್ನೂ ಮರೆತಳು. ಇಷ್ಟೂ ದಿಗ್ವಿಜಯ, ಅಪ್ಪನ ಅರ್ಧ ಸೀಸೆ ಅತ್ತರು, ಕೂಸಿನ ಹಸಿವು, ಎಲ್ಲ ಒಂದು ಮುಚ್ಚಿದ ಮೂಗಿಗಾಗಿ!

ಸಾವಕ್ಕ ಬಾಗಿಲು ಮುಂದೆ ಮಾಡಿ ಬಾಣಂತಿಯ ಮೈಗೆ ಕಡಲೆಹಿಟ್ಟು ಹಾಕಿ ತಿಕ್ಕಿದಳು. ಅತ್ತರು ರಾಜಿಗೆ ಬರಲಿಲ್ಲ. ಮತ್ತೆ ತಿಕ್ಕಿದಳು. ಕೊನೆಗೆ ಒಗೆಯಲು ಹಾಕಿದ್ದ ಹಳೇ ಸೀರೆಯನ್ನೇ ಉಡಿಸಿ, ಕಂಬಳಿ ಹೊದಿಸಿ, ಶೆಗಡಿಗೆ ಅಜವಾನ, ಶೇಪಿನ ಬೀಜ, ಬೆಳ್ಳುಳ್ಳಿ ಸಿಪ್ಪೆ ಸುರಿದು ಹೊಗೆ ಎಬ್ಬಿಸಿದಳು. ಹೊಗೆ ಇಳಿದ ಮೇಲೆ ಕೂಸನ್ನು ಕೊಟ್ಟರು. ಅದು ಎರಡು ಸಲ ಮೂಸಿತು. ಅನುಮಾನದಿಂದ ಒಮ್ಮೆ ನಿಂತಿತು. ಆಮೇಲೆ ಗಬಕ್ಕನೆ ಬಾಯಿ ಹಾಕಿತು. ಆ ಗುಟುಕಿನ ಸದ್ದಿಗೆ ಮಥುರಾಬಾಯಿ ಗೋಡೆಗೆ ಒರಗಿ ಕೂತೇಬಿಟ್ಟರು.

ಅಷ್ಟರಲ್ಲಿ ಹೊಗೆ ಬಾಗಿಲ ಸಂದಿಯಿಂದ ಹೊರಗೆ ಹೊರಟಿತ್ತು. ಪಡಸಾಲೆಯಲ್ಲಿ ಪ್ರಹ್ಲಾದರಾಯ ಸೀನಿದ. ಸಾಲಾಗಿ ಏಳು ಸೀನು. ಎಂಟನೆಯದಕ್ಕೆ ಬಾಯಿ ತೆರೆದವನು ಹಾಗೆಯೇ ನಿಂತ. ಮೂಗು ತೆರೆದಿತ್ತು. ಅವನು ದೀರ್ಘವಾಗಿ ಉಸಿರೆಳೆದುಕೊಂಡ. ಒಳಗೆ ಸುಹಾಸಿನಿ ಕಣ್ಣು ಮುಚ್ಚಿಕೊಂಡಳು. ಮಲ್ಲಿಗೆಗೆ ಇಂದಿಗೆ ಎಳ್ಳುನೀರು.

“ಸುಹಾಸಿನಿ,” ಎಂದ ಪ್ರಹ್ಲಾದರಾಯ. ದನಿ ಯಾಕೋ ಸಣ್ಣದಾಗಿತ್ತು. “ಅಂಟಿನುಂಡಿ ಮಾಡ್ಯಾರೇನು?”

ಅವನು ಎದ್ದು ಬಂದು, ಬಾಗಿಲು ಸರಿಸಿ, ಕೋಣೆಯ ಹೊಸ್ತಿಲಲ್ಲೇ ಕೂತುಬಿಟ್ಟ. “ನಮ್ಮ ಮುಧೋಳದ ಮನಿಯೊಳಗ ಇದೇ ವಾಸನಿ. ನನ್ನ ಬೆನ್ನಿಗೆ ಐದು ಮಂದಿ ಹುಟ್ಟಿದರು. ನಾ ಹಿಂಗ ಹೊಸ್ತಿಲದಾಗ ಕೂತಿರ್ತಿದ್ದೆ. ಅಜ್ಜಿ ಕಣ್ಣು ತಪ್ಪಿಸಿ ನಮ್ಮವ್ವ ಒಳಗಿನಿಂದ ಒಂದುಂಡಿ ಉಳ್ಳಿಸ್ತಿದ್ದಳು. ಅಕಿ ಹೋಗಿ ಹನ್ನೊಂದು ವರ್ಷ ಆತು... ಈ ವಾಸನಿ ಇನ್ನ ಸಿಗೂದಿಲ್ಲ ಅಂತ ಮಾಡಿದ್ದೆ.”

ಸುಹಾಸಿನಿಯ ಒಂದು ಕೈಯಲ್ಲಿ ಕೂಸು. ಇನ್ನೊಂದು ಕೈಯಿಂದ ಮಂಚದ ಕೆಳಗಿನ ಡಬ್ಬಿ ತೆರೆದು, ಅವ್ವನ ಕಣ್ಣು ತಪ್ಪಿಸಿ, ಒಂದುಂಡಿಯನ್ನು ನೆಲದ ಮೇಲೆ ಉರುಳಿಸಿಬಿಟ್ಟಳು. ಅದು ಹೊಸ್ತಿಲಿಗೆ ಹೋಗಿ ನಿಂತಿತು.

ಅದೊಂದೇ ಉಂಡಿಯಾಗಿದ್ದರೆ ಚೆನ್ನಾಗಿತ್ತು. ನಾಲ್ಕು ದಿನದ ರಜೆಯಲ್ಲಿ ಬಾಣಂತಿಯ ತಿಂಗಳ ಉಂಡಿ ಮುಗಿದವು. ಮಥುರಾಬಾಯಿ ಮತ್ತೆ ಮಾಡಿದ್ದರಲ್ಲಿ ಒಂದು ಡಬ್ಬಿ ಮುಂಬಯಿ ಹಾದಿ ಹಿಡಿಯಿತು. ಹದಿನೈದು ದಿನಕ್ಕೆ ಪತ್ರ ಬಂತು. ಕಾಗದಕ್ಕೆ ತುಪ್ಪದ ಕಲೆ. ಮಲ್ಲಿಗೆಯ ಸುದ್ದಿಯೇ ಇಲ್ಲ. ‘ನೆಗಡಿ ಪೂರ್ಣ ವಾಸಿಯಾಗಿದೆ. ಉಂಡಿ ನಿನ್ನೆಗೆ ತೀರಿದವು. ಇನ್ನೊಂದು ಬಾಣಂತನದ ವಿಚಾರ ಯಾವಾಗ ಮಾಡೋಣ?’

ಸಿಟ್ಟಿಗೆ ಸುಹಾಸಿನಿ ಎಂಟು ದಿನ ಉತ್ತರ ಬರೆಯಲಿಲ್ಲ. ಆದರೆ ಆ ಪತ್ರವನ್ನು ದಿಂಬಿನ ಕೆಳಗಿಂದ ತೆಗೆದು ಆಗಾಗ ಮೂಸುತ್ತಿದ್ದಳೆಂದು ಸಾವಕ್ಕ ಸಾಯುವತನಕ ಹೇಳಿ ನಗುತ್ತಿದ್ದಳು.

ಎರಡೂವರೆ ವರ್ಷಕ್ಕೆ ಅದೇ ಕೋಣೆಯಲ್ಲಿ ಅದೇ ಶೆಗಡಿ ಹೊಗೆಯಾಡಿತು. ಈ ಸಲ ಪ್ರಹ್ಲಾದರಾಯನಿಗೆ ರಜೆಯ ತೊಂದರೆಯೇ ಆಗಲಿಲ್ಲ. ಕೂಸಿನ ಮುಖ ನೋಡಲೆಂದು ಹತ್ತನೆಯ ದಿನಕ್ಕೇ ಬಂದಿಳಿದ, ಎರಡು ಖಾಲಿ ಡಬ್ಬಿ ಹಿಡಿದುಕೊಂಡು.