ಪಾದೆಯೋ ದರೆಯೋ

ಪುಸ್ತಕದಲ್ಲಿ ಕಲಿತದ್ದನ್ನು ಬಿಸಿಲಿಗೆ ತಂದರೆ ಇಂಥದ್ದು ಆಗುತ್ತಲೇ ಇರುತ್ತದೆ. ಅರುವತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಮಂಗಳೂರಿನ ಒಂದು ಸರ್ವೆ ಆಫೀಸಿಗೆ ಸೇರಿದೆ. ಗುಡ್ಡದ ಬುಡದಲ್ಲಿ ಮನೆ ಕಟ್ಟುವವರ ಜಾಗ ನೋಡಿ, ಹಿಂದಿನ ಕಡಿದಾದ ಮೈ ಪಾದೆಯೋ ದರೆಯೋ ಎಂದು ಬರೆಯುವುದು ನನ್ನ ಕೆಲಸ. ಪಾದೆ ಗಟ್ಟಿ ಬಂಡೆ, ನಿಲ್ಲುತ್ತದೆ. ದರೆ ಕಡಿದ ಗುಡ್ಡ, ಮಳೆಗೆ ಜಾರಬಹುದು. ಪಾದೆಯಾದರೆ ಅನುಮತಿ, ದರೆಯಾದರೆ ಇಲ್ಲ.

೧. ಚಂದದ ಬಡಿತ

ಸಹಾಯಕ್ಕೆ, ಕಲ್ಲಿನ ಕೋರೆಯಲ್ಲಿ ಮೂವತ್ತು ವರ್ಷ ದುಡಿದ ಬ್ಯಾರಿ ಮೇಸ್ತ್ರಿಯೊಬ್ಬರನ್ನು ಕೊಟ್ಟಿದ್ದರು. ಮೊದಲ ದಿನ ನಾನು ಎತ್ತರ ಅಳೆದೆ, ಓರೆ ಅಳೆದೆ, ಹತ್ತು ಕಡೆ ಸುತ್ತಿಗೆಯಿಂದ ಬಡಿದು ಸದ್ದಿಗೆ ಅಂಕ ಹಾಕಿದೆ. ಮಧ್ಯಾಹ್ನಕ್ಕೆ "ಪಾದೆ" ಎಂದೆ.

"ಹೌದು," ಎಂದರು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಬಸ್ಸಿನಿಂದ ಇಳಿಯುವಾಗಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಚಂದ ಬಡಿಯುತ್ತಾ ಇದ್ದಿರಿ."

೨. ಬೆನ್ನು

"ಗಂಜಿ ಕುಡಿಯುವಾಗ ನಾವು ಪಾದೆಗೆ ಬೆನ್ನು ಕೊಟ್ಟು ಕೂರ್ತೇವೆ, ದರೆಗೆ ಕೊಡುವುದಿಲ್ಲ," ಎಂದರು ಮೇಸ್ತ್ರಿ ಇನ್ನೊಂದು ದಿನ.

"ಎರಡೂ ಅದೇ ಕೆಂಪು ಮುರಕಲ್ಲೇ ಅಲ್ವಾ, ಹೇಗೆ ಗೊತ್ತಾಗ್ತದೆ?"

"ಬೆನ್ನಿಗೆ ಗೊತ್ತಾಗ್ತದೆ."

ನೋಟ್‌ಬುಕ್ಕಿನಲ್ಲಿ "ಬೆನ್ನು" ಎಂದು ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದೆ. ಮೇಸ್ತ್ರಿ ಇಣುಕಿದರು. "ಆ ಕೊಕ್ಕೆ ಎಂತದು?"

"ಸಂಶಯ."

"ಅದನ್ನು ತಲೆಗೆ ಹಾಕಿ ಮಾರಾಯ್ರೆ, ಬೆನ್ನಿಗೆ ಬೇಡ."

೩. ಬಾಯಮ್ಮನ ಚಹಾ

ಬೋಳಾರದಲ್ಲಿ ನಿವೃತ್ತ ನರ್ಸ್ ಬಾಯಮ್ಮ ಜೀವನದ ಮೊದಲ ಸ್ವಂತ ಮನೆ ಕಟ್ಟಲು ಹೊರಟಿದ್ದರು. ಹಿಂದೆ ಇಪ್ಪತ್ತು ಅಡಿಯ ಕೆಂಪು ಮೈ. ಅದರ ಬುಡದಲ್ಲೇ ಮೂರು ಕುರ್ಚಿ ಹಾಕಿ ಚಹಾ ಕೊಟ್ಟರು.

"ಬರೆಯುವುದು ಎರಡೇ ಅಕ್ಷರ. ಒಳ್ಳೆಯ ಎರಡು ಬರಿ ಮಾರಾಯ."

ನನ್ನ ಲೆಕ್ಕವೂ ಪಾದೆ ಎಂದೇ ಹೇಳುತ್ತಿತ್ತು. ಮೇಸ್ತ್ರಿ ಮಾತ್ರ ಲೋಟ, ಕುರ್ಚಿ ಎತ್ತಿಕೊಂಡು ದೂರದ ಹಲಸಿನ ಮರದಡಿಗೆ ಹೋದರು.

"ಲೆಕ್ಕ ಸರಿ ಉಂಟು, ಮೇಸ್ತ್ರಿಗಳೇ."

"ಇರಬಹುದು. ಚಹಾ ನಾನು ಇಲ್ಲಿ ಕುಡೀತೇನೆ."

ನಾನು ಒಂದೊಂದೇ ಅಂಕಿ ವಿವರಿಸತೊಡಗಿದೆ. ನಡುವೆ, ಇನ್ನಷ್ಟು ಚಹಾ ಹಿಡಿದು ಮರದಡಿಗೆ ಬಂದ ಬಾಯಮ್ಮ ನಗಲು ಶುರು ಮಾಡಿದರು.

"ನಿನ್ನ ನೋಟ್‌ಬುಕ್ಕು ಅಲ್ಲೇ ಉಂಟು. ನೀನು ಯಾವಾಗ ಇಲ್ಲಿಗೆ ಬಂದದ್ದು?"

ನೋಡಿದರೆ ನಾನು ಕುರ್ಚಿ ಸಮೇತ ಹಲಸಿನ ಮರದಡಿಯಲ್ಲಿದ್ದೆ.

ಬಾಯಮ್ಮ ನಗು ನಿಲ್ಲಿಸಿದರು. "ಹಾಗಾದ್ರೆ ಮನೆ ಎಲ್ಲಿ ಕಟ್ಟಲಿ, ಮೇಸ್ತ್ರಿ?"

"ಕುರ್ಚಿ ಇರುವಲ್ಲಿ."

ನಾನು "ದರೆ" ಎಂದು ಬರೆದು, ಮರದ ಈಚೆ ಕಟ್ಟಿದರೆ ಅನುಮತಿ ಕೊಡಬಹುದು ಎಂದು ಸೇರಿಸಿದೆ. ಮನೆ ಮರದ ಈಚೆ ಎದ್ದಿತು. ಮುಂದಿನ ಮಳೆಗಾಲದಲ್ಲಿ ದರೆ ಜಾರಿ, ನಾವು ಮೊದಲು ಕೂತಿದ್ದ ಜಾಗವನ್ನು ಮುಚ್ಚಿತು. ಮರದವರೆಗೆ ಬರಲಿಲ್ಲ.

ಆಫೀಸಿನ ಸಾಹೇಬರು ನನ್ನ ಹಳೆಯ ವರದಿ ತರಿಸಿ ಓದಿದರು. "ಪರೀಕ್ಷೆಯ ವಿಧಾನ" ಎಂಬಲ್ಲಿ, ಸುಳ್ಳು ಬರೆಯಲಾಗದೆ, "ಕುರ್ಚಿ" ಎಂದು ಬರೆದಿದ್ದೆ. ಮರುತಿಂಗಳು ಆಫೀಸಿನ ಉಪಕರಣಗಳ ಪಟ್ಟಿಯಲ್ಲಿ, ಅಳತೆಯ ಟೇಪಿನ ಕೆಳಗೆ, ಮಡಚುವ ಕುರ್ಚಿ ಮೂರು ಎಂದಿತ್ತು.