ಉದ್ದ ಕಾರು ಮತ್ತು ಮಾವನ ಟವಲ್ಲು

ಹಳೇ ಕಾರು ಕೊಳ್ಳುತ್ತೇನೆ ಎಂದು ಮನುಷ್ಯ ಒಮ್ಮೆ ಬಾಯಿ ಬಿಟ್ಟರೆ ಸಾಕು, ಆಮೇಲೆ ಅವನಿಗೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಒದಗಿ ಬರುತ್ತದೆ. ನಾನು ಮೊದಲೇ ಪುಕ್ಕಲು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಮಡಕಶಿರಾ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವ ಪೈಕಿ. ಅಂಥವನು ಮೂರು ಲಕ್ಷ ಕಿಲೋಮೀಟರ್ ಹತ್ತಿರ ಓಡಿದ ಡೀಸೆಲ್ ಕಾರಿಗೆ ಕೈ ಹಾಕಿದೆ ಎಂದರೆ ಅದಕ್ಕೊಂದು ಕಾರಣ ಇತ್ತು.

ನನ್ನದು ಸಂತೆ ವ್ಯಾಪಾರ. ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳನ್ನು ತಂದು ಗುಡಿಬಂಡೆ, ಅಗಳಿ ಕಡೆಯ ಸಂತೆಗಳಲ್ಲಿ ಮಾರುತ್ತೇನೆ. ಗಂಟುಗಳು ಬಸ್ಸಿನ ಮೇಲೆ, ನಾನು ಬಸ್ಸಿನ ಒಳಗೆ, ನನ್ನ ಜೀವ ಮಾತ್ರ ಗಂಟಿನ ಜೊತೆ. ಒಮ್ಮೆ ಕಲ್ಯಾಣದುರ್ಗದಲ್ಲಿ ಯಾರೋ ತಮ್ಮ ಮೂಟೆ ಎಂದುಕೊಂಡು ನನ್ನ ಗಂಟು ಇಳಿಸಿಕೊಂಡು ಹೋದರು. ಆ ವಾರ ಸಂತೆಯಲ್ಲಿ ನಾನು ಖಾಲಿ ಗೋಣಿತಾಟು ಹಾಸಿಕೊಂಡು ಕೂತಿದ್ದೆ. ಅವತ್ತೇ ಹೆಂಡತಿ ಹೇಳಿದಳು, ಒಂದು ಉದ್ದನೆ ಕಾರು ತಗೊಳ್ಳಿ, ನನ್ನ ಕುರಿ ಮಾರಿಸ್ತೀನಿ ಅಂತ.

ಅವಳ ಕುರಿ ಎಂದರೆ ಬಳುವಳಿ ಕುರಿ. ಅವಳ ತವರು ಗುಮ್ಮಘಟ್ಟದ ಕಡೆ. ಅಲ್ಲಿ ಮಗಳಿಗೆ ಮದುವೆಯಲ್ಲಿ ನಾಲ್ಕು ಕುರಿ ಕೊಟ್ಟು, ಅವನ್ನು ಅಪ್ಪನ ಹಿಂಡಿನಲ್ಲೇ ಬಿಟ್ಟಿರುತ್ತಾರೆ. ಮರಿ ಹಾಕಿದ್ದೆಲ್ಲ ಮಗಳ ಲೆಕ್ಕ. ಹಾಗೆ ಬೆಳೆದ ಕುರಿಗಳನ್ನು ಮಾರಿದರೆ ಕಾರಿನ ಬೆಲೆ ಸರಿಯಾಗಿ ಆಗುತ್ತಿತ್ತು, ಒಂದು ಕುರಿ ಮಾತ್ರ ಉಳಿಯುತ್ತಿತ್ತು. ಆ ಒಂದು ಯಾವುದೆಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಅದು ಕರಿಕಿವಿ. ತಾಯಿ ಸತ್ತ ಮರಿ, ಇವಳೇ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಬೆಲೆ ಸ್ವಲ್ಪ ಏರಿದರೂ ಕರಿಕಿವಿ ಸಂತೆಗೆ ಹೋಗಬೇಕು. ಹಾಗಾಗಿ ನನ್ನ ಭಯಕ್ಕೆ ಈಗ ಎರಡು ಕಿವಿಯೂ ನಾಲ್ಕು ಕಾಲೂ ಬಂದಿದ್ದವು.

೧. ದೇವಸ್ಥಾನಕ್ಕೆ ಮಾತ್ರ

ಕಾರು ಇದ್ದದ್ದು ರಾಯದುರ್ಗದಲ್ಲಿ, ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ. ಹಿಂದೆ ಡಿಕ್ಕಿ ಎಂದು ಬೇರೆ ಇಲ್ಲ, ಸೀಟು ಮಡಚಿದರೆ ಪಡಸಾಲೆಯ ಹಾಗೆ ಉದ್ದಕ್ಕೆ ಒಳಗೆ ಹೋಗುತ್ತದೆ. ನನ್ನ ಗಂಟುಗಳು ಅದರಲ್ಲಿ ಕಾಲು ಚಾಚಿ ಮಲಗಬಹುದು. ನೋಡಿದ ಕೂಡಲೇ ಆಸೆಯಾಯಿತು, ಆಸೆಯಾದ ಕೂಡಲೇ ಭಯವಾಯಿತು.

ಮೇಷ್ಟ್ರು ಒಳ್ಳೆಯವರು. ಬರ್ರಿ, ಕೂಡ್ರಿ ಎಂದು ಚಹಾ ಕೊಟ್ಟರು. ಕಾರನ್ನು ಬೇರೆ ಯಾರ ಕೈಗೂ ಕೊಟ್ಟಿಲ್ಲವಂತೆ. ಬಾಡಿಗೆಗೆ ಬಿಟ್ಟಿಲ್ಲವಂತೆ. ಗಂಡ ಹೆಂಡತಿ ಇಬ್ಬರೇ ಆಗಾಗ ದೇವಸ್ಥಾನಕ್ಕೆ ಹೋಗಿ ಬಂದದ್ದು ಬಿಟ್ಟರೆ ಕಾರು ಶೆಡ್ಡಿನಲ್ಲೇ ಇತ್ತಂತೆ.

ನಾನು ಬಗ್ಗಿ ಮೀಟರು ನೋಡಿದೆ. ಕಣ್ಣು ಉಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೇಳೋಣವೆಂದರೆ ನಾಲಿಗೆ ಹೊರಳಲಿಲ್ಲ, ವಯಸ್ಸಾದವರು, ಅವರ ಮನೆಯ ಚಹಾ ಬೇರೆ ಕುಡಿದಿದ್ದೇನೆ. ಪಕ್ಕದಲ್ಲಿ ಹೆಂಡತಿಯೂ ಮೀಟರು ನೋಡಿದಳು. ಅವಳಿಗೆ ಅಂಥ ತೊಂದರೆಯೇನೂ ಇಲ್ಲ.

"ಮೇಷ್ಟ್ರ, ಇಷ್ಟು ಸಲ ಗುಡಿಗೆ ಹೋದ್ರೂ ದೇವ್ರು ನಿಮಗೊಂದು ಹೊಸಾ ಕಾರು ಕೊಡ್ಲಿಲ್ಲೇನ್ರಿ?" ಎಂದು ಕೇಳಿಬಿಟ್ಟಳು.

೨. ಕತ್ತಿಯ ಕೆಳಗೆ

ಮಡಕಶಿರಾಕ್ಕೆ ಬಂದು ನಾಲ್ಕು ಜನರನ್ನು ಕೇಳಿದೆ. ಅದೇ ತಪ್ಪಾಯಿತು. ಚಹಾ ಅಂಗಡಿಯಲ್ಲಿ ಒಬ್ಬರು, ಡೀಸೆಲ್ ಬಂಡಿ ಓಡಿದಷ್ಟೂ ಪಳಗುತ್ತದೆ, ಕಣ್ಣು ಮುಚ್ಚಿ ತಗೋ ಎಂದರು. ಪಕ್ಕದಲ್ಲಿದ್ದವರು, ಕಣ್ಣು ಮುಚ್ಚಿ ತಗೊಂಡ ನಮ್ಮ ಷಡ್ಡಕ ಇನ್ನೂ ಕಣ್ಣು ಬಿಟ್ಟಿಲ್ಲ ಎಂದರು. ಇಬ್ಬರೂ ನನ್ನನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರು. ಇಬ್ಬರ ಚಹಾಕ್ಕೂ ನಾನೇ ಕೊಟ್ಟು ಎದ್ದು ಬಂದೆ.

ಸ್ವಲ್ಪ ಸಮಾಧಾನವಾಗಲಿ ಎಂದು ಗಡ್ಡ ಮಾಡಿಸಲು ಕೂತೆ. ನಮ್ಮ ಕ್ಷೌರದ ಅಂಗಡಿಯವನಿಗೆ ಗೊತ್ತಿಲ್ಲದ ವಿಷಯವಿಲ್ಲ. ಕಾರಿನ ಸುದ್ದಿ ಕೇಳಿದ ಮೇಲಂತೂ ಅವನ ಕೈಗಿಂತ ಬಾಯಿ ಜೋರಾಯಿತು. ಎಂಜಿನ್ನಿನಲ್ಲಿ ಒಂದು ಬೆಲ್ಟು ಇರುತ್ತದಂತೆ. ಅದಕ್ಕೆ ವಯಸ್ಸಾದದ್ದು ಹೊರಗೆ ಕಾಣುವುದಿಲ್ಲವಂತೆ. ಸದ್ದಿಲ್ಲ, ಸೂಚನೆ ಇಲ್ಲ, ಚೆನ್ನಾಗಿ ಓಡುತ್ತಿರುವಾಗಲೇ ಎಂಜಿನ್ನು ಪೂರ್ತಿ ಹೋಗುತ್ತದಂತೆ.

"ಸರಿಯಾಗಿ ಕೇಳಿಸ್ಕಳಣ್ಣ," ಎಂದು ಅವನು ನನ್ನ ಗದ್ದ ಮೇಲೆತ್ತಿ ಗಂಟಲ ಮೇಲೆ ಕತ್ತಿ ಇಟ್ಟ. "ನೀನು ಆರಾಮಾಗಿ ಕುಂತಿರ್ತೀಯ. ಇದ್ದಕ್ಕಿದ್ದಂಗೆ, ಕಟ್."

ಅರ್ಧ ಗಡ್ಡದಲ್ಲೇ ಎದ್ದು ಬಂದೆ. ಉಳಿದರ್ಧವನ್ನು ಮನೆಯಲ್ಲಿ ನಾನೇ ಮಾಡಿಕೊಂಡೆ. ಮೂರು ಕಡೆ ಕುಯ್ದುಕೊಂಡೆ.

೩. ಮೆಕ್ಯಾನಿಕ್ಕಿನ ನಿಟ್ಟುಸಿರು

ಇನ್ನು ಬಾಯಿಮಾತು ಸಾಕು, ತಿಳಿದವನಿಗೆ ತೋರಿಸೋಣ ಎಂದು ನಮ್ಮೂರ ಮೆಕ್ಯಾನಿಕ್ಕನ್ನು ಬಸ್ಸಿನಲ್ಲಿ ರಾಯದುರ್ಗಕ್ಕೆ ಕರೆದುಕೊಂಡು ಹೋದೆ. ದೂರದ ದಾರಿ, ಹಸಿದಿದ್ದ. ಬಸ್‌ಸ್ಟ್ಯಾಂಡ್ ಹತ್ತಿರ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಒಳ್ಳೆಯ ಮಾತು ಹೇಳಲಿ ಎಂದು ಬಜ್ಜಿ ಇನ್ನೊಂದು ಪ್ಲೇಟೂ ಹೇಳಿದೆ.

ಬಾನೆಟ್ ಎತ್ತಿ ಒಳಗೆ ನೋಡಿದವನು ಒಂದು ನಿಟ್ಟುಸಿರು ಬಿಟ್ಟ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿಕೊಂಡು ಇನ್ನೊಂದು ನಿಟ್ಟುಸಿರು ಬಿಟ್ಟ. ಕಾರಿನ ಕೆಳಗೆ ತೂರಿಕೊಂಡ, ಅಲ್ಲಿಂದಲೂ ನಿಟ್ಟುಸಿರೇ ಕೇಳಿಸಿತು. ಎಂಜಿನ್ ಶುರು ಮಾಡಿಸಿ, ಎದೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತ. ಮೇಷ್ಟ್ರ ಮುಖ ಬಾಡಿತು. ನಾನಂತೂ ಮನಸ್ಸಿನಲ್ಲೇ ಕಾರಿಗೆ ಎಳ್ಳುನೀರು ಬಿಟ್ಟಿದ್ದೆ.

ಕೊನೆಗೆ ಅವನನ್ನು ಪಕ್ಕಕ್ಕೆ ಕರೆದು, ಏನಿದ್ದರೂ ಹೇಳಿಬಿಡಪ್ಪ, ತಡಕೊಳ್ಳುತ್ತೇನೆ ಎಂದೆ.

"ಬಂಡಿ ಚೆನ್ನಾಗೈತೆ ಕಣಣ್ಣ. ಬೆಲ್ಟೂ ಹೊಸದೇ ಹಾಕವ್ರೆ," ಎಂದ. "ಆ ಎರಡ್ನೇ ಪ್ಲೇಟು ಬಜ್ಜಿ ತಿನ್ನಬಾರ್ದಿತ್ತು. ಎದೆ ಉರೀತೈತೆ."

೪. ಮಾವನ ಪರೀಕ್ಷೆ

ಮೆಕ್ಯಾನಿಕ್ಕು ಒಪ್ಪಿದರೆ ಆಯಿತೇ? ಕುರಿ ಮಾರಬೇಕಾದರೆ ಮಾವ ಒಪ್ಪಬೇಕು. ಮೇಷ್ಟ್ರು ಧಾರಾಳ ಮನುಷ್ಯರು, ಒಂದು ಹಗಲು ಒಯ್ದು ತೋರಿಸಿಕೊಂಡು ಬರ್ರಿ ಎಂದು ಕೀಲಿ ಕೊಟ್ಟರು. ಡ್ರೈವಿಂಗ್ ನನಗೆ ಬರುತ್ತದೆ, ಧೈರ್ಯ ಬರುವುದಿಲ್ಲ. ಗುಮ್ಮಘಟ್ಟದ ಆಚೆ ಮಾವನ ಹಟ್ಟಿಗೆ ಮುಟ್ಟುವಷ್ಟರಲ್ಲಿ ಅಂಗಿ ಹಿಂಡುವ ಹಾಗಾಗಿತ್ತು.

ಮಾವ ಜೀವಮಾನವಿಡೀ ಕುರಿ ಕಾಯ್ದವರು. ಕಾರನ್ನು ಮಾತಾಡದೆ ಒಂದು ಸುತ್ತು ಹಾಕಿದರು. ಕುರಿಯ ಸೊಂಟ ಒತ್ತಿ ಮಾಂಸ ನೋಡುವಂತೆ ಕಾರಿನ ಬೆನ್ನು ಒತ್ತಿದರು. ಬಾಯಿ ತೆಗಸ್ರಿ ಎಂದರು, ಬಾನೆಟ್ ಎತ್ತಿದೆ. ಒಳಗೆ ತಲೆ ಹಾಕಿ ಮೂಸಿ ನೋಡಿದರು. ಆಮೇಲೆ ಟಯರು ಮುಟ್ಟಿ, ಮೈ ಮುದಿಯಾಗಿದ್ದು ಕಾಲು ಮಾತ್ರ ಎಳೆಯದಾಗಿರುವುದು ಹೇಗೆ ಎಂದು ಕೇಳಿದರು. ಹೋದ ತಿಂಗಳು ಹೊಸ ಟಯರು ಹಾಕಿಸಿದ್ದಾರೆ ಎಂದೆ. ಅವರಿಗೆ ಅನುಮಾನ ಹೋಗಲಿಲ್ಲ. ಊಟ ಮಾಡಿ ಬರ್ರಿ, ಅಷ್ಟೊತ್ತು ಇಲ್ಲೇ ನೆರಳಲ್ಲಿ ನಿಂತಿರಲಿ, ಕೆಮ್ಮುತ್ತದೋ ಜೊಲ್ಲು ಸುರಿಸುತ್ತದೋ ನೋಡುತ್ತೇನೆ ಎಂದರು.

ರೊಟ್ಟಿ ತಿಂದು ಹೊರಗೆ ಬಂದರೆ ಕಾರಿನ ನೆತ್ತಿಯ ಮೇಲೆ ಅಂಗೈ ಅಗಲ ಕೆಮ್ಮಣ್ಣಿನ ಪಟ್ಟೆ. ಮಾವನ ಹಿಂಡಿನ ಎಲ್ಲ ಕುರಿಗಳ ಬೆನ್ನ ಮೇಲೂ ಇರುವ ಅದೇ ಗುರುತು.

ಇನ್ನೂ ನಮ್ಮದಾಗಿಲ್ಲ ಮಾವ, ಎಂದು ನಾನು ಅಳುವುದೊಂದು ಬಾಕಿ.

"ಇವತ್ತಲ್ಲ ನಾಳೆ ಆಗತೈತಲ್ರಿ, ಅಳಿಯಾರ," ಎಂದರು. "ಬ್ಯಾರೆ ಹಿಂಡಿನ್ಯಾಗ ಬೆರತರ ಹುಡುಕಾದು ಹೆಂಗ್ರಿ?"

ಒಂದು ಬಿಂದಿಗೆ ನೀರು ಹೊಯ್ದು ಉಜ್ಜಿದೆ. ಹೋಗಲಿಲ್ಲ, ಕೆಂಪು ಹರಡಿಕೊಂಡು ಕೆಳಗಿನ ತನಕ ಇಳಿಯಿತು. ಸಂಜೆ ಕಾರು ನೋಡಿದ ಮೇಷ್ಟ್ರು, ಯಾವ ಗುಡೀಲಿ ಪೂಜೆ ಮಾಡಿಸಿದ್ರಿ ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಚಪ್ಪಲಿ ಬಿಟ್ಟು ಕಾರಿಗೆ ಕೈ ಮುಗಿದರು.

೫. ಟವಲ್ಲು

ವ್ಯಾಪಾರದ ದಿನ ಬಂತು. ಚೌಕಾಸಿ ನನ್ನಿಂದ ಆಗುವ ಕೆಲಸವಲ್ಲ. ಸಂತೆಯಲ್ಲಿ ಗಿರಾಕಿ ಸುಮ್ಮನೆ ಕೆಮ್ಮಿದರೂ ನಾನು ರೇಟು ಇಳಿಸುತ್ತೇನೆ. ಅದಕ್ಕೆ ಮಾವನನ್ನೇ ಮೇಷ್ಟ್ರ ಮನೆಗೆ ಕರೆತಂದು ಮುಂದೆ ಮಾಡಿದೆವು. ಕುರಿ ವ್ಯಾಪಾರದಲ್ಲಿ ಅವರ ಕೈ ಪಳಗಿದ್ದು ಎಂದು ಸುತ್ತಲಿನ ಹಟ್ಟಿಗಳಲ್ಲೆಲ್ಲ ಹೆಸರು.

ಕುರಿಸಂತೆಯಲ್ಲಿ ರೇಟು ಬಾಯಲ್ಲಿ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಕೈಗೆ ಕೈ ಸೇರಿಸಿ ಮೇಲೆ ಟವಲ್ ಮುಚ್ಚುತ್ತಾರೆ. ಒಳಗೆ ಇಷ್ಟು ಬೆರಳು ಹಿಡಿದರೆ ಇಷ್ಟು ಎಂದು ಲೆಕ್ಕ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಮೇಷ್ಟ್ರೂ ಕುರಿ ಸಾಕಿದವರ ಮಗನೇ, ಬೆರಳಿನ ಭಾಷೆ ಮರೆತಿರಲಿಲ್ಲ. ಮಾವ ಹೆಗಲ ಟವಲ್ ತೆಗೆದ ಕೂಡಲೇ ಖುಷಿಯಿಂದ ಕೈ ಚಾಚಿದರು. ಒಮ್ಮೆ ಟವಲ್ ಕೆಳಗೆ ಒಪ್ಪಿದ ಮೇಲೆ ಮಾತು ತಪ್ಪುವಂತಿಲ್ಲ, ಅದು ಇಬ್ಬರಿಗೂ ಗೊತ್ತು.

ನಾನು ಇಬ್ಬರ ಮುಖ ನೋಡುತ್ತ ನಿಂತೆ. ಹೆಂಡತಿ ಕಟ್ಟೆಯ ಮೇಲೆ ಕೂತು ಸೆರಗಿನ ತುದಿ ತಿರುಚುತ್ತಿದ್ದಳು. ಅವಳ ತಲೆಯಲ್ಲಿ ಕರಿಕಿವಿ ಬಿಟ್ಟರೆ ಬೇರೇನೂ ಇರಲಿಲ್ಲ, ನನಗೆ ಗೊತ್ತು. ಟವಲ್ ಅಲ್ಲಾಡಿತು. ಮಾವ ತಲೆ ಅಡ್ಡಡ್ಡ ಆಡಿಸಿದರು. ಮೇಷ್ಟ್ರ ಹುಬ್ಬು ಮೇಲೇರಿತು. ಮತ್ತೆ ಟವಲ್ ಅಲ್ಲಾಡಿತು. ಮಾವ ಇನ್ನೂ ಬಿಗಿಯಾಗಿ ಹಿಡಿದರು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು, ನನ್ನ ಕಡೆ ನೋಡಿದರು, ಏನೋ ಹೇಳಲು ಹೋಗಿ ಸುಮ್ಮನಾದರು. ಪಾಪ, ಮಾವ ವಯಸ್ಸಾದವರನ್ನು ಚೆನ್ನಾಗಿ ಹಿಂಡುತ್ತಿದ್ದಾರೆ ಎಂದು ನನಗೆ ಮೇಷ್ಟ್ರ ಮೇಲೆ ಕನಿಕರವೇ ಬಂತು. ಕೊನೆಗೆ ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ಮಾವ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮೀಸೆ ತಿರುವಿದರು.

"ಮೇಷ್ಟ್ರು ಹೇಳಿದ್ದಕ್ಕಿಂತ ಐದು ಸಾವಿರ ಏರಿಸೀನಿ, ಅಳಿಯಾರ."

ಆಗ ನನಗೆ ಹೊಳೆಯಿತು. ಮಾವ ಇಷ್ಟು ವರ್ಷ ಟವಲ್ ಕೆಳಗೆ ಕೈ ಇಟ್ಟದ್ದೆಲ್ಲ ಮಾರುವುದಕ್ಕೇ. ಕೊಳ್ಳುವುದಕ್ಕೆ ಕೈ ಇಟ್ಟದ್ದು ಇದೇ ಮೊದಲು. ಟವಲ್ ಬಿದ್ದ ಕೂಡಲೇ ಕೈ ತನ್ನ ಪಾಡಿಗೆ ತಾನು ರೇಟು ಏರಿಸುತ್ತ ಹೋಗಿದೆ. ಮೇಷ್ಟ್ರು, "ಯಾಕ ಹಿಂಗ ಮಾಡಾಕತ್ತಾರ ಅಂತ ನಾನೂ ಕೇಳಬೇಕು ಅಂದ್ಕೊಂಡೆ, ಅದನ್ನ ಬೆರಳಿನ್ಯಾಗ ಹೆಂಗ ಕೇಳಾದ್ರಿ?" ಎಂದರು. ಮಾವನಿಗೂ ಈಗ ಅರ್ಥವಾಗಿ ಮೀಸೆಯ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಆದರೆ ಟವಲ್ಲಿನ ಮಾತು, ಹಿಂದೆ ತೆಗೆಯುವಂತಿಲ್ಲ. ಕರಿಕಿವಿಯ ಕತೆ ಮುಗಿಯಿತು, ಹೆಂಡತಿಯ ಮುಖ ಹೇಗೆ ನೋಡಲಿ ಎಂದುಕೊಂಡೆ.

ಅವಳು ಕಟ್ಟೆಯಿಂದ ಇಳಿದು ನೇರ ಮೇಷ್ಟ್ರ ಮುಂದೆ ಬಂದು ನಿಂತಳು. ಟವಲ್ಲಿನ ಮಾತು ಮಾತೇ ಹೌದಲ್ಲ ಎಂದು ಕೇಳಿದಳು. ಮೇಷ್ಟ್ರು ಹೌದ್ರಿ ಎಂದರು. ನಮ್ಮಪ್ಪನ ಕೈ ಮಾರೋ ಕೈ ಅಂತ ನಿಮಗೂ ತಿಳೀತಲ್ಲ ಎಂದಳು. ಅದಕ್ಕೂ ಹೌದ್ರಿ ಎಂದರು.

"ಹಂಗಾರ ನಮ್ಮಪ್ಪ ಮಾರ್ಯಾನ, ನೀವು ತಗಂಡೀರಿ," ಎಂದು ಅವಳು ಅಂಗೈ ಚಾಚಿದಳು. "ನಿಮ್ಮ ಕಾರು ನಿಮಗ ಬಂತು. ನಮ್ಮ ರೊಕ್ಕ ಕೊಡ್ರಿ."

ಮೇಷ್ಟ್ರು ನಕ್ಕರು. ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟರು. ಒಳಗಿಂದ ಅವರ ಹೆಂಡತಿ ಏನಾಯಿತೋ ಎಂದು ನೀರು ಹಿಡಿದು ಓಡಿ ಬಂದರು. ಕಣ್ಣು ಒರೆಸಿಕೊಂಡ ಮೇಷ್ಟ್ರು, ಮಾವ ಏರಿಸಿದ್ದನ್ನೂ ಬಿಟ್ಟು, ತಾವು ಮೊದಲು ಹೇಳಿದ್ದರಲ್ಲೂ ಒಂದಿಷ್ಟು ಇಳಿಸಿ ಕೀಲಿಯನ್ನು ನನ್ನ ಹೆಂಡತಿಯ ಕೈಗೇ ಕೊಟ್ಟರು. ಕರಿಕಿವಿ ಉಳಿಯಿತು, ಇಳಿದ ದುಡ್ಡಿನಲ್ಲಿ, ಮಾರಬೇಕಿದ್ದ ಅದರ ಮರಿಯೂ ಉಳಿಯಿತು.

ಕಾರು ಇವತ್ತಿಗೂ ಓಡುತ್ತಿದೆ. ಎಲ್ಲಾದರೂ ಕಟಕ್ ಎಂದರೆ ಈಗಲೂ ನನ್ನ ಜೀವ ಬಾಯಿಗೆ ಬರುತ್ತದೆ. ಹೆಂಡತಿ ನೆಮ್ಮದಿಯಾಗಿ ಗಂಟಿಗೊರಗಿ ನಿದ್ದೆ ಮಾಡುತ್ತಾಳೆ. ಮಾವನ ಬೇಜಾರು ಮಾತ್ರ ಹೋಗಿಲ್ಲ. ನಾವು ಹಟ್ಟಿಗೆ ಹೋದಾಗಲೆಲ್ಲ, ಅಲ್ಲಿಗೆ ಯಾರೇ ಬಂದರೂ ಕಾರು ತೋರಿಸಿ ಹೇಳುತ್ತಾರೆ:

"ಎಂಥಾ ರೇಟು ಎಬ್ಬಿಸಿದ್ನೆಪ್ಪಾ. ನನ್ನ ಮಗಳು ನಡುವೆ ಬಂದು ಕೆಡಿಸಿಬಿಟ್ಳು."