ಮಸ್ಕಿ ತವರಿನೋರು ಲಂಕಾಕ್ಕ ಹೋದದ್ದು

ಸಿಂಧನೂರಿಂದ ಮಸ್ಕಿ ಮ್ಯಾಲ ಲಿಂಗಸುಗೂರಿಗೆ ದಿನಾ ಓಡಾಡೋ ಸರಕಾರಿ ಬಸ್ಸಿನ ಕಂಡಕ್ಟರ್ ನಾ. ನಮ್ಮ ಮನಿತನದಾಗ ಖಾಕಿ ಅಂಗಿ ಹಾಕಿದ ಮೊದಲನೇ ಹೆಣ್ಣುಮಗಳು. ಈ ಮಾತು ನಾ ಕೇಳಿದೋರಿಗೂ ಹೇಳ್ತೀನಿ, ಕೇಳಲಾರದೋರಿಗೂ ಹೇಳ್ತೀನಿ. ನನ್ನ ಬಸ್ಸಿನ್ಯಾಗ ಒಬ್ಬರ ಮನಿ ಸುದ್ದಿ ಒಬ್ಬರ ಹಂತ್ಯಾಕ ಉಳಿಯಂಗಿಲ್ಲ. ಮುಂದಿನ ಸೀಟಿನಾಕಿ "ನಮ್ಮ ಎಮ್ಮಿ ಹಾಲು ಕಮ್ಮಿ ಮಾಡೇತಿ" ಅಂದ್ರ ಹಿಂದಿನ ಸೀಟಿನಿಂದ ಔಷಧ ಬರ್ತೈತಿ. ಇಂಥಾ ಬಸ್ಸಿನ್ಯಾಗ ನಾ ಒಂದಿನ "ನಮ್ಮವ್ವನ್ನ ಶ್ರೀಲಂಕಾಕ್ಕ ಕರಕೊಂಡು ಹೊಂಟೀನಿ" ಅಂತ ಬಾಯಿ ಬಿಟ್ಟೆ. ಮುಂದ ಏನೇನಾತು ಹೇಳ್ತೀನಿ. ನಗಬ್ಯಾಡ್ರಿ ಅನ್ನಂಗಿಲ್ಲ. ಆದ್ರ ಟಿಕೆಟ್ ತಗೊಂಡು ನಗ್ರಿ.

ನಮ್ಮೂರ ಹೆಣ್ಣುಮಗಳು

ನಮ್ಮೂರು ಮಸ್ಕಿ. ಊರ ಗುಡ್ಡದಾಗ ಅಶೋಕ ಮಹಾರಾಜನ ಹೆಸರು ಕೆತ್ತಿದ ಕಲ್ಲು ಐತಿ, ಸಾಲಿ ಪುಸ್ತಕದಾಗೂ ಬಂದೈತಿ. ನಮ್ಮದು ಬೌದ್ಧರ ಮನಿ. ನಮ್ಮ ಮುತ್ಯಾ, ಅಂದ್ರ ಅವ್ವನ ಅಪ್ಪ, ಒಂದಕ್ಷರ ಓದಾಕ ಬರಲಾರದ ಮನಿಷ್ಯಾ. ಆದ್ರೂ ಆ ಕಲ್ಲಿನ ಮುಂದ ಕುಂತು ಅವ್ವಗ ಕತಿ ಹೇಳ್ತಿದ್ದನಂತ. ಈ ಅರಸನ ಮಗಳು ಬುದ್ಧನ ಅರಳಿ ಗಿಡದ ಟೊಂಗಿ ಹಿಡಕೊಂಡು, ಹಡಗ ಹತ್ತಿ, ಲಂಕಾಕ್ಕ ಹೋದ್ಲು, ಅಲ್ಲಿ ಅದನ್ನ ನೆಟ್ಲು, ಆ ಗಿಡ ಇನ್ನಾ ಹಸರ ಐತಿ ಅಂತ. "ಒಮ್ಮಿ ನೋಡಬೇಕು ಬೇ" ಅಂತಿದ್ದನಂತ. ನೋಡಲಿಲ್ಲ, ಹಂಗ ಹೋಗಿಬಿಟ್ಟ.

ಆ ಆಸಿ ಅವ್ವನ ಹೊಟ್ಯಾಗ ಉಳೀತು. ಮಂದಿ ಗದ್ದ್ಯಾಗ ಭತ್ತ ನಾಟಿ ಮಾಡಿ ಮಾಡಿ ಅಕಿ ನಡ ಬಗ್ಗೇತಿ, ಮೊಣಕಾಲು ಬಿಗಿಯಾಕತ್ತ್ಯಾವ. "ಕಾಲು ನಡಿಯೂತನಕ ಆ ಗಿಡ ತೋರಿಸಿಬಿಡವ್ವ" ಅಂದ್ಲು ಒಂದಿನ. ನನಗ ಓದಿಸಿದಾಕಿ, ನೌಕರಿ ಹತ್ತಿದ ಮ್ಯಾಲೂ ಒಂದು ಸೀರಿ ಕೇಳಿದಾಕಿ ಅಲ್ಲ. ಕೇಳಿದ್ದು ಇದೊಂದ. ಇಬ್ಬರದೂ ಪಾಸ್‌ಪೋರ್ಟ್ ಮಾಡಿಸಿದೆ, ಬೆಂಗಳೂರಿಂದ ಕೊಲಂಬೋಕ್ಕ ವಿಮಾನದ ಟಿಕೆಟ್ ತಗಿಸಿದೆ. ಇನ್ನ ಉಳಿದದ್ದು ಒಂದ ಕೆಲಸ. ಹೋಗೋ ಮೊದಲ ಲಂಕಾ ಸರಕಾರದಿಂದ ಆನ್‌ಲೈನ್‌ನ್ಯಾಗ ಪ್ರವಾಸದ ಪರವಾನಗಿ ತಗೋಬೇಕು. ಅದಿಲ್ಲಾಂದ್ರ ವಿಮಾನ ಹತ್ತಿಸಂಗಿಲ್ಲ. ರೊಕ್ಕಾನೂ ನೀರಾಗ, ಅವ್ವನ ಆಸೀನೂ ನೀರಾಗ.

ಅವ್ವಗ ಅದರ ಫಿಕರ್ ಇಲ್ಲ. ಖಡಕ್ ರೊಟ್ಟಿ ಬಡದ್ಲು, ಶೇಂಗಾ ಚಟ್ನಿ ಕುಟ್ಟಿದ್ಲು, ಹೊಸಾ ಕುಬಸದ ಖಣ ಒಂದು ತಂದ್ಲು.

"ಖಣ ಯಾರಿಗೆ ಬೇ?" ಅಂದೆ.

"ಅಕಿಗೆ. ನಮ್ಮೂರ ಹೆಣ್ಣುಮಗಳು ಹೋಗಿ ಎಷ್ಟು ಕಾಲಾತು, ತವರಿನಿಂದ ಒಬ್ಬರರೆ ಹೋಗಿ ನೋಡ್ಯಾರೇನು? ಬರಿಗೈಲೆ ಹೋಗಾಕ ಆಕೈತೇನು?"

"ಯವ್ವಾ, ಆ ಅರಸ ಮಸ್ಕ್ಯಾಗ ಹುಟ್ಟಿದಾಂವಲ್ಲ."

"ಹೆಸರು ಎಲ್ಲಿ ಐತಿ?"

"ಮಸ್ಕ್ಯಾಗ."

"ಮತ್ತ?"

"ಅಕಿ ಲಗ್ನ ಆಗಿ ಹೋದಾಕಿನೂ ಅಲ್ಲ ಬೇ. ಸನ್ಯಾಸಿ ಆಗಿ ಹೋದಾಕಿ."

ಅವ್ವ ಖಣಾನ ಘಡಿ ಮಾಡಿ ರೊಟ್ಟಿ ಗಂಟಿನ ಮ್ಯಾಲ ಇಟ್ಲು. "ಏನಾಗಿ ಹೋದ್ರೂ ತವರು ತವರ" ಅಂದ್ಲು.

ಇಡೀ ಬಸ್ಸಿನ ಅರ್ಜಿ

ನನ್ನ ಬಸ್ಸಿಗೆ ದಿನಾ ಮುಂಜಾನಿ ಒಬ್ಬರು ಮಾಸ್ತರ್ರು ಹತ್ತತಾರ. ಸಿಂಧನೂರಾಗ ಮನಿ, ಮಸ್ಕ್ಯಾಗ ಸಾಲಿ. ಇಂಗ್ಲಿಷ್ ಕಲಸೋರು. "ಅರ್ಜಿ ನಾ ತುಂಬಿ ಕೊಡ್ತೀನಿ ಮೇಡಂ, ಮಸ್ಕಿ ಬರೋದ್ರಾಗ ಮುಗಸ್ತೀನಿ" ಅಂದ್ರು. ಅವತ್ತು ಅವ್ವನೂ ಬಸ್ಸಿನ್ಯಾಗ ಇದ್ಲು. ಹಿಂದಿನ ದಿನ ಮೊಣಕಾಲು ತೋರಿಸಾಕ ಸಿಂಧನೂರಿಗೆ ಬಂದಾಕಿ, ಹೊಳ್ಳಿ ಊರಿಗೆ ಹೊಂಟಿದ್ಲು. ಬಸ್ ಸ್ಟ್ಯಾಂಡಿನ್ಯಾಗ ಇದ್ದಾಗ ನನ್ನ ಕಾರ್ಡಿಂದ ಫೀ ಕಟ್ಟೋದು ಹೆಂಗಂತ ಮಾಸ್ತರ್ರು ತೋರಿಸಿದ್ರು. ಅವ್ವ ಇಣಿಕಿ ನೋಡಿದ್ಲು.

"ಫೀ ಯಾಕ? ಹೆಣ್ಣುಮಕ್ಕಳಿಗೆ ಫ್ರೀ ಇಲ್ಲೇನು?"

"ಅದು ನಮ್ಮ ಬಸ್ಸಿಗೆ ಬೇ" ಅಂದೆ.

ಬಸ್ಸು ಬಿಟ್ಟಿತು. ನಾ ಟಿಕೆಟ್ ಹರಿಯಾಕತ್ತಿದ್ದೆ, ಮಾಸ್ತರ್ರು ಅವ್ವನ ಬಾಜೂಕ ಕುಂತು, ಕ್ಲಾಸಿನ್ಯಾಗ ಕೇಳಿದಂಗ ಜೋರಲೆ ಒಂದೊಂದು ಪ್ರಶ್ನಿ ಕೇಳಾಕ ಶುರು ಮಾಡಿದ್ರು. ಜವಾಬು ಕೊಡೋದು ಅವ್ವ ಒಬ್ಬಾಕಿ ಅಲ್ಲ, ಇಡೀ ಬಸ್ಸು.

"ಶ್ರೀಲಂಕಾದಾಗ ಕಾಯಂ ಇರಾಕ ನಿಮಗ ಪರವಾನಗಿ ಐತೇನು?"

"ಇಲ್ಲ!" ಅಂತು ಬಸ್ಸು.

"ಈಗ ಸದ್ಯ ನೀವು ಶ್ರೀಲಂಕಾದಾಗ ಅದೀರೇನು?"

ಒಬ್ಬಾಂವ ಕಿಟಕ್ಯಾಗ ಹೊರಗ ನೋಡಿದ. ಖರೇ ಹೇಳ್ತೀನಿ, ನೋಡಿ ಖಾತ್ರಿ ಮಾಡ್ಕೊಂಡ. ಆಗ ನಮ್ಮ ಡ್ರೈವರ್ ಅಣ್ಣ ಹಾರ್ನ್ ಬಾರಿಸಿ, ಮುಂದ ನೋಡಕೋತನ ಒದರಿದ: "ಯಾಕ ಅವಸರ ಮಾಡ್ತೀರ್ರಿ ಮಾಸ್ತರ್ರ, ಇನ್ನಾ ಮಸ್ಕಿನ ಬಂದಿಲ್ಲ!"

ಛತ್ರಿ ಹಿಡಿಯೋರು

ಮುಂದಿನ ಪ್ರಶ್ನಿ, ಯಾಕ ಹೊಂಟೀರಿ ಅಂತ. ಅವ್ವ ನೆಟ್ಟಗ ಕುಂತು, "ತವರಿನೋರು ಗಿಡ ನೋಡಾಕ ಹೊಂಟೀವಿ ಅಂತ ಬರೀರಿ" ಅಂದ್ಲು. "ಹಂಗ ಬರಿಯಾಕ ಜಾಗ ಇಲ್ಲವ್ವ, ಇಲ್ಲಿ ಇದ್ದದ್ರಾಗ ಒಂದು ಒತ್ತಬೇಕು" ಅಂತ ಮಾಸ್ತರ್ರು 'ಸ್ಥಳ ನೋಡೋದು' ಅನ್ನೋದನ್ನ ಒತ್ತಿದ್ರು. ಅವ್ವನ ಮಾರಿ ಸಣ್ಣದಾತು. "ಇರಲಿ. ಅಲ್ಲಿ ಹೋಗಿ ಬಾಯಿಲೆ ಹೇಳ್ತೀನಿ" ಅಂದ್ಲು. ಈ ಮಾತು ನೆನಪಿಡ್ರಿ.

ಆಮ್ಯಾಲ ಉದ್ಯೋಗ ಬಂತು. ಮಾಸ್ತರ್ರು, "ಗೃಹಿಣಿ ಅಂತ ಹಾಕ್ಲಿ? ಅಂದ್ರ ಮನ್ಯಾಗ ಇರೋರು" ಅಂದ್ರು.

"ನಾ ಮನ್ಯಾಗ ಯಾವಾಗ ಇದ್ದೆ? ಹೊತ್ತು ಹುಟ್ಟೋದ್ರಾಗ ಗದ್ದ್ಯಾಗ ಇರತಿದ್ದೆ. ರೈತರು ಅಂತ ಬರೀರಿ."

ಹಿಂದಿನ ಸೀಟಿನ್ಯಾಗ ಜವಳಗೇರಾದ ಸಾವಕಾರ್ರು ಒಬ್ಬರು ಕುಂತಿದ್ರು. ಕಾಲುವಿ ನೀರಿನ ದೊಡ್ಡ ಗದ್ದಿ ಅವರದು. ಅವ್ವ ವರ್ಷಗಟ್ಟಲೆ ಅವರ ಗದ್ದ್ಯಾಗೇ ನಾಟಿಗೆ ಹೋದಾಕಿ. ಸಾವಕಾರ್ರು ನಕ್ಕು, "ಗೇಣು ಹೊಲ ಇಲ್ಲ, ರೈತರು ಹೆಂಗ ಆಗ್ತೀ ಬೇ?" ಅಂದ್ರು. ಚ್ಯಾಷ್ಟಿಗೆ ಅಂದ್ರು, ಆದ್ರೂ ನನಗ ಸಿಟ್ಟು ಬಂತು. ನಾ ಬಾಯಿ ತಗಿಯೋದ್ರಾಗ ಅವ್ವ ತಿರುಗಿ ಕುಂತ್ಲು.

"ಸಾವಕಾರ್ರ, ನಿಮ್ಮ ಗದ್ದ್ಯಾಗ ಸಸಿ ಕಿತ್ತೋರು ಯಾರ್ರಿ?"

"ನೀವ."

"ನಾಟಿ ಮಾಡಿದೋರು? ಕಳೆ ತಗದೋರು? ಕೊಯ್ದೋರು?"

"ನೀವ ಬೇ, ನೀವ."

"ಆವಾಗ ನೀವೆಲ್ಲಿ ಇದ್ರಿ?"

"ನಾ ಬದುವಿನ ಮ್ಯಾಲ ನಿಂತಿದ್ನಲ್ಲ, ಛತ್ರಿ ಹಿಡಕೊಂಡು."

"ಹಾಂ. ಮಾಸ್ತರ್ರ, ನನಗ ರೈತರು ಅಂತ ಬರೀರಿ. ಸಾವಕಾರ್ರು ಎಲ್ಲಿಗರೆ ಹೋಗಾಕ ಅರ್ಜಿ ಹಾಕಿದ್ರ, ಛತ್ರಿ ಹಿಡಿಯೋರು ಅಂತ ಬರೀರಿ."

ಬಸ್ಸು ಬಿದ್ದು ಬಿದ್ದು ನಕ್ಕಿತು. ಎಲ್ಲಾರಕಿಂತ ಜೋರು ನಕ್ಕೋರು ಸಾವಕಾರ್ರು. ಇವತ್ತಿಗೂ ಅವರು ಬಸ್ಸು ಹತ್ತಿದ್ರ ನಮ್ಮ ಡ್ರೈವರ್ ಅಣ್ಣ ಕನ್ನಡಿಯಾಗ ನೋಡಿ ಕೇಳ್ತಾನ, "ಛತ್ರಿ ತಂದೀರೇನ್ರಿ?"

ಅಳಿಯನ ಮರ್ಯಾದಿ

ಅರ್ಜಿಯಾಗ ಇಮೇಲ್ ವಿಳಾಸ ಬೇಕಾಗಿತ್ತು. ನನ್ನ ಇಮೇಲಿನ ಪಾಸ್‌ವರ್ಡ್ ಯಾವ ಕಾಲದಾಗೋ ಮರ್ತಿದ್ದೆ. "ಫಿಕರ್ ಮಾಡಬ್ಯಾಡ್ರಿ, ನಂದ ಹಾಕೀನಿ" ಅಂದಿದ್ರು ಮಾಸ್ತರ್ರು. ಅಂದ್ರ ಅರ್ಜಿ ನಂಬರು, ಪರವಾನಗಿ ಎಲ್ಲಾ ಅವರ ಫೋನಿಗೇ ಬರಬೇಕು. ಅರ್ಜಿ ಹಾಕಿದ ಸಂಜಿಗೇ ಸಾಲಿಗೆ ದಸರಾ ಸೂಟಿ ಬಿತ್ತು. ಮಾರನೇ ದಿನದಿಂದ ಮಾಸ್ತರ್ರು ಬಸ್ಸಿಗೆ ಇಲ್ಲ. ಫೋನ್ ಹಚ್ಚಿದ್ರ ಬಂದ್.

ದಿನಾ ಹತ್ತೋರು, ಇಳಿಯೋರು, "ಬಂತೇನ್ರಿ ಮೇಡಂ ಪರವಾನಗಿ?" ಅಂತ ಕೇಳ್ತಿದ್ರು. ಟಿಕೆಟ್ ಕೇಳೋದು ಬಿಟ್ಟು ಇದನ್ನ ಕೇಳ್ತಿದ್ರು. ಇಲ್ಲ ಅಂದು ಅಂದು ಬಾಯಿ ಒಣಗಿತ್ತು. ನಾಳೆ ಹೊಂಡಬೇಕು ಅನ್ನೋ ದಿನಾ ಬಂತು. ಅವ್ವ ರೊಟ್ಟಿ ಗಂಟು ಬಿಚ್ಚಿ, ಮತ್ತ ಕಟ್ಟಿ ಇಟ್ಲು. ಅದನ್ನ ನೋಡಿ ನನಗ ಅಳುನ ಬಂತು. ಕಣ್ಣು ಒರಿಸಿಕೊಂಡು ಡ್ಯೂಟಿಗೆ ಹೋದೆ.

ಅವತ್ತು ಒಬ್ಬಾಕಿ ಪ್ಯಾಸೆಂಜರ್ ಹೇಳಿದ್ಲು, ಮಾಸ್ತರ್ರು ಹೆಂಡ್ತಿ ತವರುಮನಿಗೆ, ಬಳಗಾನೂರಿಗೆ ಹೋಗ್ಯಾರಂತ. ನಾ ಲಿಂಗಸುಗೂರಿನ ಕಡೆ ಹೊಂಟೀನಿ, ಬಳಗಾನೂರು ಇನ್ನೊಂದು ಕಡೆ. ಏನು ಮಾಡಬೇಕು? ಎದುರಿಗೆ ಸಿಂಧನೂರಿಗೆ ಹೋಗೋ ಬಸ್ಸು ಬಂತು. ನಮ್ಮ ಡ್ರೈವರ್ ಅಣ್ಣ ಗಾಡಿ ನಿಲ್ಲಿಸಿ, ಕಿಟಕಿಗೆ ಕಿಟಕಿ ಹಚ್ಚಿ, ಆ ಡ್ರೈವರಿಗೆ ಹಕೀಕತ್ ಹೇಳಿದ. ಅಂವ ಸಿಂಧನೂರು ಸ್ಟ್ಯಾಂಡಿನ್ಯಾಗ ಬಳಗಾನೂರು ಬಸ್ಸಿನೋರಿಗೆ ಹೇಳಿದ. ಅವರು ಬಳಗಾನೂರಾಗ ಮಾಸ್ತರ್ರ ಮಾವನ ಮನಿ ಮುಂದ ಬಸ್ಸು ನಿಲ್ಲಿಸಿ, ಮನಿಷ್ಯಾನ್ನ ಹತ್ತಿಸಿಕೊಂಡ ಬಂದ್ರು. ಫೋನ್ ಸಿಗಲಾರದ ಕಡೆ ನಮ್ಮ ಡ್ರೈವರ್ ಮಂದಿ ಸಿಗ್ತಾರ. ಈ ಇಲಾಖಿ ಉಪ್ಪು ತಿಂದೀನಿ ಅಂತ ಹೇಳಂಗಿಲ್ಲ, ಖರೇ ಮಾತು.

ಸಂಜಿಮುಂದ ಮಸ್ಕಿ ಸ್ಟ್ಯಾಂಡಿನ್ಯಾಗ ಮಾಸ್ತರ್ರು ಇಳದ್ರು. ಹೊಸಾ ಧೋತರ, ಬಾಯಾಗ ಇನ್ನಾ ಹೋಳಿಗಿ. ಅವ್ವನೂ ಅಲ್ಲೇ ಬಂದು ನಿಂತಿದ್ಲು.

"ಫೋನ್ ಯಾಕ ಬಂದ್ ಇಟ್ಟೀರ್ರಿ ಮಾಸ್ತರ್ರ?" ಅಂದೆ, ಒದರಲಿಲ್ಲ ಅನ್ನೋದೊಂದ.

"ಮಾವನ ಮುಂದ ಫೋನ್ ತಿಕ್ಕಕೋತ ಕುಂತ್ರ ಅಳಿಯಗ ಮರ್ಯಾದಿ ಅಲ್ಲರಿ ಮೇಡಂ. ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ್ದೆ."

ಫೋನ್ ಚಾಲೂ ಮಾಡಿದ್ರು. ನೋಡ್ತೀವಿ, ಇಬ್ಬರದೂ ಮಂಜೂರು! ಅರ್ಜಿ ಹಾಕಿದ ಮಾರನೇ ದಿನಾನ ಬಂದು ಕುಂತೈತಿ. ಸ್ಟ್ಯಾಂಡಿನ್ಯಾಗ ಇದ್ದ ಮಂದಿ ಸೀಟಿ ಹೊಡದ್ರು. ನಾ ಕಟ್ಟಿ ಮ್ಯಾಲ ಕುಂತುಬಿಟ್ಟೆ. ಅವ್ವ ಮಾಸ್ತರ್ರನ್ನ ಮ್ಯಾಲಿಂದ ಕೆಳತನಕ ನೋಡಿದ್ಲು.

"ಲಂಕಾದಿಂದ ಬಳಗಾನೂರಿಗೆ ಒಂದ ದಿನದಾಗ ಬಂತು. ಬಳಗಾನೂರಿಂದ ಮಸ್ಕಿಗೆ ಬರಾಕ ವಾರ ಹಿಡೀತು!"

ರೈಟ್

ವಿಮಾನದ ಬಾಗಲದಾಗ ಚೆಂದಗ ನಗಕೋತ ನಿಂತ ಹುಡುಗಿಗೆ ಅವ್ವ ಆಧಾರ್ ಕಾರ್ಡ್ ತೋರಿಸಿದ್ಲು. ಅಕಿ ಏನಂತ ತಿಳೀದ ಕೈ ಮುಗದ್ಲು. ಅವ್ವ ನನಗ, "ನೋಡು, ಇಲ್ಲೀನೂ ನಡೀತೈತಿ" ಅಂದ್ಲು.

ಅವ್ವಗ ನಗೋದಿರಲಿ, ನನ್ನ ಕತಿ ಕೇಳ್ರಿ. ಕುಂತ ಕೂಡಲೇ ನನ್ನ ಕಣ್ಣು ತಾನ ತಲಿ ಎಣಸಾಕ ಹತ್ತಿತು. ದಾರ್ಯಾಗ ಒಬ್ಬಾಂವ ನಿಂತಿದ್ದ, "ಒಳಗ ಸರೀರಿ, ಹಿಂದ ಖಾಲಿ ಐತಿ" ಅಂದುಬಿಟ್ಟೆ. ಅಂವ ಸರದಾ ಕೂಡ. ಅಷ್ಟರಾಗ ಬಾಗಲ ಧಡ್ ಅಂತ ಮುಚ್ಚಿದ ಸಪ್ಪಳಾತು. ಎಷ್ಟು ವರ್ಷದ ಚಟಾರಿ ಅದು, ಬಾಯಿ ಕೇಳತೈತೇನು? "ರೈಟ್... ರೈಟ್!" ಅಂತ ಗಂಟಲ ಹರಕೊಂಡೆ.

ಮಂದಿಯೆಲ್ಲಾ ತಿರುಗಿ ನೋಡಿದ್ರು. ನಾ ಸೆರಗ ಮಾರಿಗೆ ಹಾಕ್ಕೊಂಡೆ. ಆದ್ರ ವಿಮಾನ ಆವಾಗ ಹೊಂಟಿತು ಅನ್ನೋದೂ ಸುಳ್ಳಲ್ಲ.

ಬಾಯಿಲೆ ಹೇಳಿದ ಜವಾಬು

ಕೊಲಂಬೋದಾಗ ಇಳದು ಸಾಲಿನ್ಯಾಗ ನಿಂತ್ವಿ. ಕೌಂಟರಿನ್ಯಾಗ ಒಬ್ಬಾಕಿ ಆಫೀಸರ್ ಹೆಣ್ಣುಮಗಳು. ಪರವಾನಗಿ ಕಾಗದ ನೋಡಿ, ಯಾಕ ಬಂದೀರಿ ಅಂತ ಇಂಗ್ಲಿಷಿನ್ಯಾಗ ಕೇಳಿದ್ಲು. ನಾ "ಟೂರಿಸ್ಟ್" ಅಂದೆ. ಅವ್ವ ನನ್ನ ತೋಳು ಜಿಗಟಿದ್ಲು.

"ಏನಂದಿ?"

"ಸ್ಥಳ ನೋಡಾಕ ಅಂದೆ ಬೇ."

"ಇದ್ದದ್ದು ಹೇಳು."

"ಯವ್ವಾ, ಹೊಳ್ಳಿ ಕಳಸಿದ್ರ ಏನು ಮಾಡ್ತಿ?"

"ಸುಳ್ಳು ಹೇಳಿ ತವರಿನೋರು ಬೀಗರ ಮನಿ ಹೊಸ್ತಲ ದಾಟಬಾರದು. ಹೇಳು!"

ಹಿಂದ ಸಾಲು ಬೆಳೆದೈತಿ, ಅವ್ವ ತೋಳು ಬಿಡವಲ್ಲಳು. ನನಗ ಬಂದಷ್ಟು ಇಂಗ್ಲಿಷಿನ್ಯಾಗ ಹೇಳಿದೆ. ನಮ್ಮೂರ ಕಲ್ಲಿನ ಮ್ಯಾಲ ಅಶೋಕನ ಹೆಸರು ಐತಿ, ಅವನ ಮಗಳು ನಿಮ್ಮ ದೇಶಕ್ಕ ಅರಳಿ ಗಿಡ ತಂದ್ಲು, ನಾವು ಅಕಿ ತವರಿನೋರು, ಗಿಡ ನೋಡಾಕ ಬಂದೀವಿ. ಆಫೀಸರ್ ಪೆನ್ ಕೆಳಗಿಟ್ಲು. ಅವ್ವನ್ನ ನೋಡಿದ್ಲು. ಅವ್ವ ಸೆರಗು ಸರಿ ಮಾಡ್ಕೊಂಡು, "ಇನ್ನೊಂದು ಹೇಳು. ಚೊಲೋ ನೋಡ್ಕೊಂಡಿದ್ರ ಸರಿ. ಇಲ್ಲಾಂದ್ರ ಗಿಡ ವಾಪಸ್ ಒಯ್ತೀವಿ" ಅಂದ್ಲು.

ಮುಗೀತು ನಮ್ಮ ಕತಿ ಅನ್ಕೊಂಡು ಅದನ್ನೂ ಹೇಳಿದೆ. ಆಫೀಸರ್ ಕಣ್ಣಾಗ ನೀರು ಬರೋ ಹಂಗ ನಕ್ಕಳು. ಬಾಜೂಕಿನ ಕೌಂಟರಿನಾಂವನ್ನ ಕರದು ತಮ್ಮ ಮಾತಿನ್ಯಾಗ ಹೇಳಿದ್ಲು. ಇಬ್ಬರೂ ಎದ್ದು ನಿಂತು, ಮಸ್ಕಿಯ ಕೂಲಿ ಹೆಣ್ಣುಮಗಳು ನಮ್ಮವ್ವಗ ಕೈ ಮುಗದ್ರು. ಸಿಕ್ಕಾ ಒತ್ತಿದ್ರು. ನನ್ನ ಎದಿ ಆವಾಗ ಎಷ್ಟು ಉಬ್ಬಿತ್ತಂದ್ರ, ಖಾಕಿ ಅಂಗಿ ಇದ್ದಿದ್ರ ಗುಂಡಿ ಹರೀತಿದ್ದವು.

ಮಾರನೇ ದಿನ ಅನುರಾಧಪುರಕ್ಕ ಹೋದ್ವಿ. ಅವ್ವ ಕೈ ಮುಗಿಯೋ ಮೊದಲ ಗಿಡಾನ ತಪಾಸ ಮಾಡಿದ್ಲು. ಮಗಳ ಗಂಡನ ಮನಿಗೆ ಹೋದ ತಾಯಿ ಅಡಿಗಿಮನಿ ಇಣಿಕಿ ನೋಡ್ತಾಳಲ್ಲ, ಹಂಗ. ಸುತ್ತ ಬಂಗಾರ ಬಣ್ಣದ ಕಟಾಂಜನ ನೋಡಿದ್ಲು, ಮುಪ್ಪಾದ ಟೊಂಗಿಗೆ ಊರುಗೋಲು ಕೊಟ್ಟದ್ದು ನೋಡಿದ್ಲು, ಕಸಾ ಹೊಡಿಯೋರನ್ನ ನೋಡಿದ್ಲು. ಆಮ್ಯಾಲ ಹೂವಿನ ಜೊತಿ ಖಣ ಇಟ್ಟು, "ಯಪ್ಪಾ, ನೋಡಿದೆ" ಅಂತ ಮುತ್ಯಾನ ನೆನಸಿಕೊಂಡು ಅತ್ತಳು. ನಾನೂ ಅತ್ತೆ. ಅವ್ವ ರೊಟ್ಟಿ ಗಂಟಿನ ಮ್ಯಾಲ ಕೈ ಇಟ್ಟುಕೊಂಡು ಗಿಡದ ಕೆಳಗ ಕುಂತ್ಲು.

"ಹೆಂಗ ಬೇ? ವಾಪಸ್ ಒಯ್ಯೋಣೇನು?" ಅಂದೆ.

ಅವ್ವ ಗಿಡ ನೋಡಿದ್ಲು. ಬುಡದಾಗ ಹಸಿ ಮಣ್ಣು ನೋಡಿದ್ಲು.

"ಬ್ಯಾಡ, ಇಲ್ಲೇ ಇರಲಿ. ನಮ್ಮ ಕಡಿ ಕಾಲುವಿ ನೀರು ನಂಬಿ ಗಿಡ ಒಯ್ದ್ರ, ಮ್ಯಾಲಿನ ಊರೋರು ನೀರು ಮಸ್ಕಿ ಮುಟ್ಟಾಕ ಬಿಡ್ತಾರೇನು?"